ಕಾಲು ಮುಂದಾಗಿ ಬಂದವರು

ಊರಿನ ಜನರನ್ನು ಮುಖದಿಂದ ಗುರುತು ಹಿಡಿಯುವ ಮೊದಲೇ ನನಗೆ ಅವರ ಬೆನ್ನುಗಳ ಪರಿಚಯವಾಗಿತ್ತು. ಭಾನುವಾರ ಬೆಳಿಗ್ಗೆ ಎದ್ದು ಪಡಸಾಲೆಗೆ ಬಂದರೆ, ಹೊಸಿಲ ಕಡೆ ತಲೆಯಿಟ್ಟು ಯಾರಾದರೊಬ್ಬರು ಬೋರಲು ಮಲಗಿಯೇ ಇರುತ್ತಿದ್ದರು. ಅವ್ವ ಬಚ್ಚಲಿನಲ್ಲಿ ಕಾಲು ತೊಳೆದು ಬಂದು, ನೆರಿಗೆಯನ್ನು ಒಂದಿಷ್ಟು ಮೇಲಕ್ಕೆ ಸಿಕ್ಕಿಸಿ, ಗೋಡೆಗೆ ಒಂದು ಕೈ ಊರಿಕೊಂಡು ಅವರ ಸೊಂಟದ ಮೇಲೆ ಬಲಗಾಲಿಟ್ಟು ತುಳಿಯುತ್ತಿದ್ದಳು. ಗಂಡಸರಾದರೆ ಮೇಲೊಂದು ಕಂಬಳಿ ಹೊದಿಸಿ ತುಳಿಯುವುದು. ಹೆಂಗಸಿನ ಕಾಲು ತಾಗಿತೆಂದರೆ ಮೈಲಿಗೆಯಾದಂತೆ ಮುಖ ಸಿಂಡರಿಸುವ ಗಂಡಸರೆಲ್ಲ ನಮ್ಮ ಪಡಸಾಲೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಮಲಗಿರುತ್ತಿದ್ದರು. ಸೊಂಟ ಹಿಡಿದವನಿಗೆ ಯಾವ ಜಂಬವೂ ಉಳಿದಿರುವುದಿಲ್ಲ. ಅವ್ವ ಅವಳ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆ, ಮೊದಲೇ ತುಳಿಸಿಕೊಂಡರೆ ಹಿಡಿಯುವುದೇ ಇಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಂಗಳದ ರಸ್ತೆಯಿಂದ ಒಳಕ್ಕಿರುವ ನಮ್ಮೂರಿನಲ್ಲಿ, ಸುತ್ತಲಿನ ಊರುಗಳಲ್ಲಿ ಹಾಗೆ ಹುಟ್ಟಿದವಳು ಅವಳೊಬ್ಬಳೇ.

ಅದಕ್ಕೂ ಕಟ್ಟಲೆಗಳಿದ್ದವು. ತುಳಿಯುವವರು, ತುಳಿಸಿಕೊಳ್ಳುವವರು ಇಬ್ಬರದೂ ಬರಿಹೊಟ್ಟೆಯಾಗಿರಬೇಕು. ಏನನ್ನೂ ಕೊಡಬಾರದು, ಏನನ್ನೂ ತೆಗೆದುಕೊಳ್ಳಬಾರದು. ಎದ್ದ ಮೇಲೆ ‘ಬತ್ತೀನಿ’ ಎಂದು ಹೇಳಬಾರದು. ಹೇಳಿದರೆ ನೋವೂ ಅವರ ಜೊತೆ ಮತ್ತೆ ಬರುತ್ತದಂತೆ. ಹಾಗಾಗಿ ನಮ್ಮ ಮನೆಗೆ ಬಂದವರೆಲ್ಲ ಜಗಳವಾಡಿಕೊಂಡು ಹೋಗುವವರ ಹಾಗೆ ಮುಖ ತಿರುಗಿಸಿ, ಮಾತಿಲ್ಲದೆ ಮೆಟ್ಟಿಲಿಳಿದು ಹೋಗುತ್ತಿದ್ದರು. ಸಂಕ್ರಾಂತಿ ಕಳೆದು ಅರಿಶಿನ ಕೀಳುವ ಕಾಲ ಹತ್ತಿರವಾದಾಗ ನೋವಿಲ್ಲದವರೂ ಬರುತ್ತಿದ್ದರು. ಶಾಲೆಯಲ್ಲಿ ನಮ್ಮನ್ನು ಚುಚ್ಚುಮದ್ದಿಗೆ ಸಾಲಾಗಿ ನಿಲ್ಲಿಸುತ್ತಿದ್ದರಲ್ಲ, ಹಾಗೆ ಜಗಲಿಯ ಮೇಲೆ ಹೆಂಗಸರು ಸಾಲು ಹಿಡಿದು ಕೂರುತ್ತಿದ್ದರು. ಎದುರುಮನೆಯ ಚಿಕ್ಕತಾಯಮ್ಮನದು ಯಾವಾಗಲೂ ಮೊದಲ ಪಾಳಿ.

“ಸಂದಾಗಿ ತುಳ್ದುಬುಡಮ್ಮಿ. ಈ ಸಲ ಅರಿಸಿನ ಮುಗಿಯಗಂಟ ಸ್ವಂಟ ತಂಟ ಮಾಡ್ಬಾರ್ದು.”

“ವರ್ಸವೂ ಇದ್ನೇ ಅಂತೀಯಲ್ಲಕ್ಕ. ಓದ್ವರ್ಸ ಇಡ್ಕಂಡಿತ್ತಲ್ಲ?”

“ಅದು ನಾನು ಬತ್ತೀನಿ ಅಂದ್ಬುಟ್ಟಿದ್ನಲ್ಲ, ಅದ್ಕ.”

ಹೀಗೆ ತಪ್ಪು ಯಾವಾಗಲೂ ಬಂದವರದೇ ಆಗಿರುತ್ತಿತ್ತು. ಅವ್ವನ ಕಾಲಿನದ್ದಲ್ಲ, ಇಡೀ ದಿನ ಬಾಗಿ ನೆಲ ಬಗೆಯುವ ಕೆಲಸದ್ದಂತೂ ಅಲ್ಲವೇ ಅಲ್ಲ. ಬಾಗದೆ ಅರಿಶಿನ ಕೀಳುವುದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ನಾನು ತಲೆ ಮುಂದಾಗಿ, ಸಲೀಸಾಗಿ ಹುಟ್ಟಿದವಳು. ಅಜ್ಜಿಯ ಲೆಕ್ಕದಲ್ಲಿ ಅದು ನನ್ನ ಮೊದಲ ದಡ್ಡತನ.

ನಮ್ಮ ಮನೆಯೇ ಬಾಗಿದವರಿಗಾಗಿ ಕಟ್ಟಿದ ಮನೆ. ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ಬಾಗಿಲು ಎಷ್ಟು ಗಿಡ್ಡವೆಂದರೆ ಅಪ್ಪ ಒಳಗೆ ಬಂದು ಊಟ ಮಾಡುವುದನ್ನೇ ಬಿಟ್ಟು ಪಡಸಾಲೆಯ ಕಂಬದ ಬಳಿ ತಟ್ಟೆ ಇಡಿಸಿಕೊಳ್ಳುತ್ತಿದ್ದ. ಅಂದರೆ ಪ್ರತಿ ಸಲ ಬಡಿಸುವಾಗಲೂ ಅವ್ವ ಆ ಬಾಗಿಲಲ್ಲಿ ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗಬೇಕು. ಒಲೆ ನೆಲದ ಮೇಲೆ. ರಾಗಿ ಹಿಟ್ಟು ತೊಳಸುವಾಗ ಮಡಕೆ ಅಲ್ಲಾಡದಂತೆ ಕಾಲಿನಲ್ಲಿ ಕೋಲು ಒತ್ತಿ ಹಿಡಿದು, ಸೊಂಟದಿಂದ ಬಾಗಿ, ಮೈಯ ಭಾರವನ್ನೆಲ್ಲ ತೋಳಿಗೆ ಇಳಿಸಿ ತಿರುವಬೇಕು. ಹಿಟ್ಟು ಗಟ್ಟಿಯಾಗುತ್ತ ಬಂದಂತೆ ಅವ್ವನ ಉಸಿರೂ ಗಟ್ಟಿಯಾಗುತ್ತಿತ್ತು. ನೀರು ಬೀದಿಯ ಕೊನೆಯ ಬೋರಿನಿಂದ ಬರಬೇಕು. ಒಂದು ಕೊಡ ತಲೆಯ ಮೇಲೆ, ಇನ್ನೊಂದು ಸೊಂಟದ ಮೇಲೆ, ಅದೂ ಯಾವಾಗಲೂ ಎಡಗಡೆಯ ಸೊಂಟದ ಮೇಲೆ. ಕಸಬರಿಕೆ ಮೊಳದುದ್ದದ್ದು. ನೆಟ್ಟಗೆ ನಿಂತು ಗುಡಿಸಿದರೆ ಲಕ್ಷ್ಮಿ ನಿಲ್ಲುವುದಿಲ್ಲ, ಕುಕ್ಕರುಗಾಲಲ್ಲಿ ಕೂತು ರಂಗೋಲಿ ಇಟ್ಟರೆ ದರಿದ್ರ. ಕಾಲು ನೆಟ್ಟಗಿರಬೇಕು, ಬೆನ್ನು ಮಾತ್ರ ಬಗ್ಗಬೇಕು.

ಈ ಕಾನೂನುಗಳನ್ನೆಲ್ಲ ಕಾಯುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಅವಳು ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ. ಸೊಂಟದಲ್ಲಿ ಮಡಿಸಿಟ್ಟ ಹಾಗೆ, ಮುಖವನ್ನು ನೆಲಕ್ಕೆ ಕೊಟ್ಟು ನಡೆಯುತ್ತಿದ್ದಳು. ಯಾರು ಬಂದರೂ ಅವರ ಪಾದ ನೋಡಿ ಮಾತಾಡಿಸುತ್ತಿದ್ದಳು, ಒಂದು ದಿನವೂ ತಪ್ಪು ಹೆಸರು ಹಿಡಿಯಲಿಲ್ಲ. ಅವ್ವ ಮದುವೆಯಾಗಿ ಬಂದ ಮೇಲೆ ಅಜ್ಜಿಯ ಬೆನ್ನನ್ನು ಎಷ್ಟು ತುಳಿದಳೋ ಲೆಕ್ಕವಿಲ್ಲ. ಅದು ಇನ್ನಷ್ಟು ಬಾಗಿದ್ದೇ ಬಂತು. ಆದರೂ ಅಜ್ಜಿಗೆ ಸೊಸೆಯ ಕಾಲಿನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಂದವರೆದುರು ಅವ್ವನನ್ನು ಹೊಗಳುವುದೂ, ಅವರು ಹೋದ ಮೇಲೆ ಬೈಯುವುದೂ ಒಂದೇ ಬಾಯಲ್ಲಿ ನಡೆಯುತ್ತಿತ್ತು.

ಅವ್ವನ ಸೊಂಟ ಹಿಡಿಯಲು ಶುರುವಾದದ್ದು ಯಾವಾಗ ಎಂದು ನನಗೆ ಹೇಳಲಾಗದು. ನಾನು ನೋಡಿದ್ದು ಇಷ್ಟು: ಕೂತಲ್ಲಿಂದ ಏಳುವಾಗ ಅವಳು ಮೊದಲು ನೆಲಕ್ಕೆ ಕೈಯೂರತೊಡಗಿದಳು, ಆಮೇಲೆ ಕಂಬ ಹಿಡಿಯತೊಡಗಿದಳು, ಆಮೇಲೆ ನನ್ನ ಹೆಗಲು. ಬೆಳಿಗ್ಗೆ ಎದ್ದ ಕೂಡಲೇ ಒಂದು ಹಳೇ ಪಂಚೆಯನ್ನು ಸೀರೆಯೊಳಗೆ ಬಿಗಿಯಾಗಿ ಸುತ್ತಿ, ಅದರ ತುದಿಯನ್ನು ನನ್ನ ಕೈಗೆ ಕೊಟ್ಟು ಎಳೆಯಲು ಹೇಳುತ್ತಿದ್ದಳು. ‘ಇನ್ನೂ ಎಳಿ, ಇನ್ನೂ’ ಎನ್ನುವಳು. ಅವಳಿಗೆ ನೋವಾದೀತೆಂದು ನಾನು ಸಡಿಲ ಬಿಟ್ಟರೆ ಸಿಟ್ಟಾಗುವಳು. ಹೊರಗೆ ಯಾರಿಗೂ ಗೊತ್ತಾಗಬಾರದು. ಊರಿನ ಸೊಂಟ ಬಿಡಿಸುವವಳ ಸೊಂಟವೇ ಹಿಡಿದಿದೆ ಎಂದರೆ ಭಾನುವಾರ ಯಾರು ಬರುತ್ತಾರೆ? ಕೊಡುವುದು ತೆಗೆದುಕೊಳ್ಳುವುದು ಏನೂ ಇಲ್ಲದ ಆ ಭಾನುವಾರಗಳ ಬಗ್ಗೆ ಅವಳಿಗೆ ಅಷ್ಟು ಆಸೆ ಯಾಕೆ ಎಂದು ಆಗ ತಿಳಿಯುತ್ತಿರಲಿಲ್ಲ. ವಾರದ ಉಳಿದ ದಿನಗಳಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕೂಗುತ್ತಿರಲಿಲ್ಲ ಎಂಬುದು ಈಗ ತಿಳಿಯುತ್ತದೆ.

ತನ್ನ ಬೆನ್ನನ್ನು ತಾನೇ ತುಳಿಯಲಾಗದು. ಇನ್ನೊಬ್ಬರು ಬೇಕು, ಅವರೂ ಕಾಲು ಮುಂದಾಗಿಯೇ ಬಂದಿರಬೇಕು. ಅವ್ವನ ತವರು ಕುದೇರು. ಅಲ್ಲಿ ಅಂಥ ಮುದುಕರೊಬ್ಬರಿದ್ದರು, ಪುಟ್ಟಮಾದಪ್ಪ ಎಂದು. ಅವ್ವ ಹುಡುಗಿಯಾಗಿದ್ದಾಗ ಅವಳಿಗೆ ಹೇಗೆ ತುಳಿಯಬೇಕೆಂದು ಹೇಳಿಕೊಟ್ಟವರೇ ಅವರು. ಒಂದು ದಿನ ತವರಿನ ನೆಪ ಹೇಳಿ ನನ್ನನ್ನು ಕರೆದುಕೊಂಡು ಹೊರಟಳು. ಬರಿಹೊಟ್ಟೆಯಲ್ಲಿರಬೇಕಲ್ಲ, ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ನನಗೊಬ್ಬಳಿಗೇ ಬೋಂಡ ಕೊಡಿಸಿ ತಾನು ನೀರನ್ನೂ ಮುಟ್ಟಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಇದ್ದಳು. ಕೂತರೆ ಏಳಲಾಗದೆ ಹೋದೀತೆಂಬ ಹೆದರಿಕೆ. ಕಂಡಕ್ಟರ್ ಎರಡು ಸಲ ಕೂರಲು ಹೇಳಿ ಆಮೇಲೆ ಟಿಕೆಟ್ ಹರಿದು ಮುಂದೆ ಹೋದ. ಆ ದಿನ ಅವ್ವನ ಮುಖದಲ್ಲಿ ಇದ್ದಷ್ಟು ಗೆಲುವನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ, ಆಮೇಲೂ ಅಪರೂಪಕ್ಕೆ ಕಂಡೆ.

ಪುಟ್ಟಮಾದಪ್ಪ ಹಗ್ಗದ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದರು. ನಾವು ಹೋಗಿ ನಿಂತರೂ ತಿರುಗಲಿಲ್ಲ, ತಿರುಗಲು ಆಗುತ್ತಿರಲಿಲ್ಲ. ಅವ್ವನೇ ಮಂಚವನ್ನು ಸುತ್ತು ಹಾಕಿಕೊಂಡು ಹೋಗಿ ಅವರ ಮುಖದೆದುರು ನಿಂತಳು.

“ಯಾರವ್ವ? ಓ, ನೀನಾ! ಬಂದ್ಯಾ? ನಿಂಗ ಯೋಳಿ ಕಳ್ಸು ಅಂತ ನಿಮ್ಮಣ್ಣನ್ಗ ಎಷ್ಟು ಸಲ ಅಂದಿ. ಕೊನ್ಗೂ ಬಂದ್ಯಲ್ಲ.”

“ಯಾಕ ಮಾವ, ಏನಾಯ್ತು?”

“ಸ್ವಂಟ ಕಣವ್ವ. ಬಿದ್ದೋಗದ. ನೀನೊಬ್ಳು ತುಳುದ್ರ ಎದ್ದೇನು. ತುಳಿ, ನನ್ ತಾಯಿ.”

ಅವ್ವ ನನ್ನ ಕಡೆ ನೋಡಿದಳು. ನಗು ಬರುವ ಹಾಗಿತ್ತು, ನಾನು ನಗಲಿಲ್ಲ. ತಾನು ಬಂದದ್ದು ಯಾಕೆಂದು ಅವಳು ಬಾಯಿ ಬಿಡಲಿಲ್ಲ. ಅವರ ಮಗ, ಸೊಸೆ ಸೇರಿ ಮುದುಕರನ್ನು ಎತ್ತಿ ನೆಲದ ಚಾಪೆಯ ಮೇಲೆ ಬೋರಲು ಹಾಕಿದರು. ಅವ್ವ ಕಾಲು ತೊಳೆದು ಬಂದು ನನ್ನ ಹೆಗಲು ಹಿಡಿದು ತುಳಿದಳು. ಮುದುಕರು ‘ಹಾ, ಅಲ್ಲೇ, ಅಲ್ಲೇ’ ಎಂದು ಮಗುವಿನ ಹಾಗೆ ಸುಖಪಟ್ಟರು. ಎತ್ತಿ ಮತ್ತೆ ಮಂಚಕ್ಕೆ ಹಾಕಿದಾಗ ಮೊದಲಿನಂತೆಯೇ ಮಗ್ಗುಲಾಗಿ ಮಲಗಿದರು. ನಾವು ‘ಬತ್ತೀವಿ’ ಎನ್ನದೆ ಹೊರಟು ಬಂದೆವು. ಚಾಮರಾಜನಗರದಲ್ಲಿ ಹತ್ತಿದ ಗುಂಡ್ಲುಪೇಟೆಯ ಬಸ್ಸು ಊರು ದಾಟಿದ ಮೇಲೆ ಅವ್ವ ಬಾಯಿ ತೆರೆದಳು.

“ಇನ್ಯಾರೂ ಇಲ್ಲ ಕಣಮ್ಮಿ.”

ನಮ್ಮೂರಿಗೆ ಬರುತ್ತಿದ್ದ ನರ್ಸಮ್ಮ ಮೈಸೂರಿನ ಕಡೆಯವರು. ಒಂದು ಬೆಳಿಗ್ಗೆ ಅವರು ನಮ್ಮ ಬೀದಿಗೆ ಬಂದಾಗ ಅವ್ವ ರಂಗೋಲಿ ಇಡುತ್ತ ಬಾಗಿದ್ದಳು. ಎದ್ದು ನಿಲ್ಲಲಾಗದೆ ಹಾಗೆಯೇ ಉಳಿದಿದ್ದಳು. ನರ್ಸಮ್ಮನೇ ತೋಳು ಹಿಡಿದು ನಿಧಾನಕ್ಕೆ ಎತ್ತಿ ಜಗಲಿಗೆ ಕರೆತಂದರು. ಆಮೇಲೆ ನಮ್ಮ ಹಿತ್ತಾಳೆ ಕೊಡವನ್ನೇ ಇಸಿದುಕೊಂಡು ಅಂಗಳದಲ್ಲಿ ಪಾಠ ಮಾಡಿದರು. ಬಿಳಿ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಮಂಡಿ ಮಡಿಸಿ ಕೂತು, ಕೊಡವನ್ನು ಮೈಗೆ ಅಪ್ಪಿಕೊಂಡು ಎದ್ದರು.

“ನೋಡಮ್ಮಾ, ಬಗ್ಗಬೇಕಾದ್ದು ಮಂಡಿ, ಸೊಂಟ ಅಲ್ಲ. ಭಾರ ಯಾವಾಗಲೂ ಮೈಗೆ ಹತ್ತಿರ ಇರಲಿ. ಒಂದೇ ಕಡೆ ಕೊಡ ಇಡಬೇಡ, ಬದಲಾಯಿಸ್ತಾ ಇರು. ಒಲೆ ಎತ್ತರ ಮಾಡಿಸ್ಕೊ. ರಂಗೋಲಿ ಕೂತು ಇಡು. ಇಷ್ಟು ಮಾಡಿದ್ರೆ ಇನ್ನೂ ಉಳ್ಕೊಳುತ್ತೆ ನಿನ್ನ ಬೆನ್ನು. ಇಲ್ಲಾಂದ್ರೆ ನಿಮ್ಮ ಅತ್ತೆ ಹಾಗೇ.”

“ಅದ್ನೆಲ್ಲ ನಮ್ಮತ್ತಮ್ಮನ್ಗ ಯೋಳಿ ನರ್ಸಮ್ಮ” ಎಂದಳು ಅವ್ವ.

ಅಪ್ಪ ಅದನ್ನು ಕೇಳಿಸಿಕೊಂಡಿದ್ದ. ಅವನು ಹೆಚ್ಚು ಮಾತಿನವನಲ್ಲ, ಹೆಂಡತಿಯ ಮೇಲೆ ಪ್ರೀತಿಯಿದ್ದರೂ ಅದನ್ನು ತಾಯಿಯ ಕಣ್ಣಿಗೆ ಬೀಳದಂತೆ ಇಟ್ಟುಕೊಂಡವನು. ಮಾರನೆಯ ದಿನವೇ ಹೊಲದ ಬಾವಿಕಟ್ಟೆಯಲ್ಲಿ ಉಳಿದಿದ್ದ ಇಟ್ಟಿಗೆ ಹೊತ್ತು ತಂದು, ಅಡುಗೆಮನೆಯ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಜೋಡಿಸಿ, ಮಣ್ಣು ಮೆತ್ತಿ, ಮೇಲೊಂದು ಒಲೆ ಹೂಡಿಕೊಟ್ಟ. ಅವ್ವ ಮೊದಲ ಸಲ ನಿಂತುಕೊಂಡು ಹುಳಿ ಕಾಯಿಸಿದಳು. ಅಜ್ಜಿ ಬಾಗಿಲಲ್ಲಿ ಬಂದು ನಿಂತು ಅವಳ ಪಾದಗಳನ್ನು ನೋಡಿದಳು. ಪಾದ ನೆಲದ ಮೇಲೆ ನೆಟ್ಟಗೆ ನಿಂತಿದ್ದವು.

“ನಿಂತ್ಕಂಡು ಬೇಯ್ಸದು ಸತ್ತವರ ಮನ್ಗ ಕಣ್ಲಾ. ನಾನಿನ್ನೂ ಸತ್ತಿಲ್ಲ” ಎಂದಳು ಅಪ್ಪನಿಗೆ.

“ಅವಳ ಸ್ವಂಟ ನೋಡವ್ವ ಒಸಿ.”

“ನನ್ನದೇನು ಕಬ್ಬಿಣದ ಸ್ವಂಟವಾಗಿತ್ತಾ? ಈ ಒಲ ಮುಂದ ಕುಂತೇ ನಿಂಗ ಇಟ್ಟು ಆಕಿವ್ನಿ.”

ಅಜ್ಜಿ ಆ ಒಲೆಯಲ್ಲಿ ಬೆಂದದ್ದನ್ನು ಮುಟ್ಟಲಿಲ್ಲ. ಮಂಡಕ್ಕಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ತಿಂದಳು. ನೆರೆಯವರು ಬಂದು ಕೇಳಿದರೆ ‘ನಮ್ಮ ಮನ್ಗ ಸೂತಕ’ ಎನ್ನುವಳು. ಅಪ್ಪ ಹೊಲದಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದ. ಕೊನೆಗೊಂದು ದಿನ ನಾನು ಶಾಲೆಯಿಂದ ಬಂದಾಗ ಅವ್ವ ಆ ಕಟ್ಟೆಯನ್ನು ತಾನೇ ಕಿತ್ತು, ಒಂದೊಂದೇ ಇಟ್ಟಿಗೆಯನ್ನು ಬಾಗಿ ಎತ್ತಿ ಹಿತ್ತಲಿಗೆ ಸಾಗಿಸುತ್ತಿದ್ದಳು. ಸಂಜೆ ಅಜ್ಜಿ ಹಿಟ್ಟು ಉಂಡಳು. ದುಃಖಕ್ಕಿಂತ ಹೆಚ್ಚಾಗಿ ನನಗೆ ಆಗಿದ್ದು ನಾಚಿಕೆ. ಯಾರ ಪರವಾಗಿ ನಾಚಿಕೆ ಎಂದು ಮಾತ್ರ ಹೇಳಲಾರೆ.

ಅವ್ವ ಬಸುರಿಯಾದದ್ದು ಆಮೇಲೆ. ನಾನು ಹುಟ್ಟಿ ತುಂಬ ವರ್ಷಗಳಾಗಿದ್ದವು, ಎಲ್ಲರೂ ಆಸೆ ಬಿಟ್ಟಿದ್ದರು. ಹೊಟ್ಟೆ ಮುಂದಕ್ಕೆ ಬಂದಂತೆ ಬೆನ್ನು ಹಿಂದಕ್ಕೆ ಜಗ್ಗಿ ಅವಳ ನೋವು ಹೆಚ್ಚಾಯಿತು. ಪಂಚೆ ಸುತ್ತುವ ಹಾಗೂ ಇಲ್ಲ. ಅಜ್ಜಿ ಮೊಮ್ಮಗನಿಗಾಗಿ ಮಾದಪ್ಪ ದೇವರಿಗೆ ಹರಕೆ ಹೊತ್ತಳು, ಅಪ್ಪನೂ ಒಳಗೊಳಗೆ ಅದನ್ನೇ ಬಯಸುತ್ತಿದ್ದ. ಅವ್ವನ ಬಯಕೆ ಬೇರೆಯೇ ಇತ್ತು. ಬಚ್ಚಲ ಕಲ್ಲಿನ ಮೇಲೆ ಕೂತು ನನ್ನಿಂದ ಸೊಂಟಕ್ಕೆ ಬಿಸಿನೀರು ಹಾಕಿಸಿಕೊಳ್ಳುವಾಗ ಅವಳು ಅದನ್ನು ಹೇಳಿದ್ದು ನನಗೊಬ್ಬಳಿಗೇ.

“ಈ ಕೂಸು ನನ್ನಂಗೇ ಬಂದ್ರ ಸಾಕು ಕಣಮ್ಮಿ. ಗಂಡೋ ಎಣ್ಣೋ, ಕಾಲು ಮುಂದಾಗಿ ಬರ್ಲಿ. ನಡಿಯಂಗಾದ್ಮೇಲ ನನ್ ಬೆನ್ನು ತುಳುದದು. ದಿನಾ ಬೆಳಗಾಗೆದ್ದು ತುಳುದದು.”

ಆ ಮಾತು ಹೇಳುವಾಗ ಅವಳ ದನಿಯಲ್ಲಿದ್ದ ಸಂತೋಷ ನನಗೂ ತಗುಲಿತ್ತು. ಪುಟ್ಟ ಕಾಲುಗಳು ಅವಳ ಬೆನ್ನಿನ ಮೇಲೆ ಓಡಾಡುವುದನ್ನು ನಾನೂ ನೆನೆದು ಖುಷಿಪಟ್ಟೆ. ಹತ್ತು ವರ್ಷದ ಹುಡುಗಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ದೊಡ್ಡವರಿಗೂ ಕಾಣಲಿಲ್ಲವೆಂದು ಮುಂದೆ ಗೊತ್ತಾಯಿತು.

ತಿಂಗಳು ತುಂಬುತ್ತ ಬಂದಾಗ ನರ್ಸಮ್ಮ ಮನೆಗೇ ಬಂದು ಹೊಟ್ಟೆ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಗಂಭೀರವಾಯಿತು.

“ತಲೆ ಮೇಲಿದೆ, ಕಾಲು ಕೆಳಗಿದೆ. ಹೆರಿಗೆ ಮನೇಲಿ ಬೇಡ. ಈ ವಾರದಲ್ಲೇ ಗುಂಡ್ಲುಪೇಟೆಗೆ ಹೋಗಿ ತೋರಿಸಿ. ಅವರು ಮೈಸೂರಿಗೆ ಹೋಗಿ ಅಂದ್ರೆ ಹೋಗಿ. ಆಪರೇಷನ್ ಆಗಬಹುದು.”

ಅವ್ವ ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಮುಖ ಅರಳಿಸಿಕೊಂಡು ನನ್ನನ್ನು ನೋಡಿದಳು. ಆಮೇಲೆ ಏನೋ ಹೊಳೆದಂತೆ ನರ್ಸಮ್ಮನನ್ನು ಕೇಳಿದಳು:

“ಒಟ್ಟ ಕುಯ್ದು ತಗುದ್ರ ಯಾವ್ದು ಮುಂದಾಗಿ ಬಂದಂಗಾದದು?”

ನರ್ಸಮ್ಮನಿಗೆ ಪ್ರಶ್ನೆಯ ತಲೆಬುಡ ಗೊತ್ತಾಗಲಿಲ್ಲ. ಗಾಬರಿಯಾದ ಹೆಂಗಸಿಗೆ ಧೈರ್ಯ ಹೇಳುವವರಂತೆ ನಕ್ಕರು.

“ಅದರಲ್ಲಿ ಕಾಲೂ ಇಲ್ಲ, ತಲೆನೂ ಇಲ್ಲಮ್ಮ. ಮಗೂನ ಹಾಗೇ ಎತ್ಕೊಳೋದು, ಅಷ್ಟೆ. ಹೆದರಬೇಡ.”

ಅಷ್ಟೇ ಸಾಕಾಯಿತು. ಒಳ್ಳೆಯ ಮನಸ್ಸಿನಿಂದ ಹೇಳಿದ ಆ ಮಾತಿನಿಂದಲೇ ಅವ್ವ ಆಸ್ಪತ್ರೆಯ ಬಾಗಿಲು ಹಾಕಿಕೊಂಡಳು. ಅಪ್ಪ ಹಂಗಳದಲ್ಲಿ ಜೀಪಿನವನನ್ನು ಗೊತ್ತು ಮಾಡಿ ಬಂದು ಹೊರಡಲು ಹೇಳಿದ. ಅವ್ವ ಇವತ್ತು ಅಮಾವಾಸ್ಯೆ ಎಂದಳು, ಇನ್ನೊಂದು ದಿನ ಮಂಗಳವಾರ ಎಂದಳು, ಆಮೇಲೆ ನೆಪಗಳನ್ನೂ ಬಿಟ್ಟು ಬರುವುದಿಲ್ಲ ಎಂದೇ ಹೇಳಿಬಿಟ್ಟಳು. ಅಪ್ಪ ತಾಯಿಯೆದುರೇ ಹೆಂಡತಿಗೆ ಜೋರು ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಉಚ್ಚು ಇಡ್ದದಾ ನಿಂಗ? ಪ್ರಾಣ ಓದ್ರ ಯಾರು ಕೊಟ್ಟಾರು?”

“ನಿಮ್ಗ ಮಗ ಬೇಕು, ನಂಗ ಸ್ವಂಟ ಬೇಕು. ಎಲ್ಡೂ ಒಂದೇ ಕೂಸಲ್ಲಿ ಸಿಕ್ತದ. ಬುಡಿ ಇಲ್ಲೇ.”

ಅಜ್ಜಿ ಆ ದಿನ ಮೊದಲ ಬಾರಿಗೆ ಸೊಸೆಯ ಪಕ್ಷ ವಹಿಸಿದಳು. ಇವಳ ತಾಯಿ ಇವಳನ್ನು ಹಾಗೇ ಹೆರಲಿಲ್ಲವೇ, ಇವಳು ಬದುಕಲಿಲ್ಲವೇ ಎಂದಳು. ಅತ್ತೆ ಸೊಸೆ ಒಂದಾದ ಮೇಲೆ ಅಪ್ಪನದೇನೂ ನಡೆಯಲಿಲ್ಲ. ಒಲೆಯ ವಿಷಯದಲ್ಲಿ ಅಜ್ಜಿಗೆ ಸೋತ ಅವ್ವ, ಈ ವಿಷಯದಲ್ಲಿ ಅಜ್ಜಿಯ ಜೊತೆ ಸೇರಿ ಗೆದ್ದಳು. ನಮ್ಮ ಮನೆಯಲ್ಲಿ ಅವಳು ಗೆದ್ದದ್ದು ಅದೊಂದನ್ನೇ.

ಅರಿಶಿನ ಕೀಳುವ ದಿನಗಳವು. ಹೆರಿಗೆಯ ದಿನ ಬೆಳಿಗ್ಗೆಯೇ ನೋವು ಬಂದಿರಬೇಕು. ಅವ್ವ ಎಂದಿನಂತೆ ಹಿಟ್ಟು ತೊಳಸಿ, ಅಪ್ಪನಿಗೆ ಬಡಿಸಿ, ಆಳುಗಳಿಗೂ ಬುತ್ತಿ ಕಟ್ಟಿ ಅವನನ್ನು ಹೊಲಕ್ಕೆ ಕಳಿಸಿದಳು. ಬಿಸಿಲೇರುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಅಜ್ಜಿಗೆ ಹೇಳಿದಳು. ಅಜ್ಜಿ ಸೂಲಗಿತ್ತಿ ಕೆಂಪಮ್ಮನನ್ನು ಕರೆಸಿ, ನನ್ನನ್ನು ಅಪ್ಪನ ಬಳಿಗೆ ಓಡಿಸಿದಳು. ಅಪ್ಪ ಮಣ್ಣುಗೈಯಲ್ಲೇ ಸೈಕಲ್ ಹತ್ತಿ ಜೀಪಿಗೆಂದು ಹಂಗಳಕ್ಕೆ ಹೋದ. ನಾನು ವಾಪಸು ಬಂದು ಪಡಸಾಲೆಯಲ್ಲಿ, ಭಾನುವಾರ ಜನ ಮಲಗುತ್ತಿದ್ದ ಜಾಗದಲ್ಲಿ ಕೂತೆ. ಒಳಕೋಣೆಯ ಬಾಗಿಲು ಹಾಕಿತ್ತು. ಸ್ವಲ್ಪ ಹೊತ್ತಿಗೆ ಅಜ್ಜಿಯ ದನಿ ಕೇಳಿತು.

“ಬಂದೋ ಕಣಮ್ಮಿ! ಕಾಲು ಬಂದೋ! ಗಂಡು ಕೂಸು!”

ಅವ್ವ ನಕ್ಕಳು. ಬಾಗಿಲಿನಾಚೆಯಿಂದ ನನಗೆ ಅದು ಸ್ಪಷ್ಟವಾಗಿ ಕೇಳಿತು. ಆಮೇಲೆ ನಗು ನಿಂತಿತು, ಅಜ್ಜಿಯ ಮಾತೂ ನಿಂತಿತು, ಕೆಂಪಮ್ಮನ ದನಿ ಮಾತ್ರ ‘ಮುಕ್ಕು, ಮುಕ್ಕು’ ಎಂದು, ಇನ್ನೂ ತಿಣುಕಲು ಮೊದಲು ಗದರುತ್ತ, ಆಮೇಲೆ ಬೇಡಿಕೊಳ್ಳುತ್ತ ಕೇಳಿಸುತ್ತಿತ್ತು. ಕಾಲು ಬಂದಿದ್ದವು, ಮೈ ಬಂದಿತ್ತು, ತಲೆ ಬಂದಿರಲಿಲ್ಲ. ಜೀಪು ಬಂದು ಬಾಗಿಲಲ್ಲಿ ನಿಂತ ಮೇಲೂ ಬರಲಿಲ್ಲ. ಕೊನೆಗೆ ಬಂದಾಗ ಕೂಸು ಅಳಲಿಲ್ಲ. ಬೆನ್ನಿಗೆ ತಟ್ಟಿದರು, ತಣ್ಣೀರು ಎರಚಿದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ. ಅಪ್ಪ ಜಗಲಿಯ ಮೇಲೆ ಕುಸಿದು ಕೂತು ಅತ್ತ. ಅದು ಸಂತೋಷದ ಅಳುವೆಂದು ನಾವೆಲ್ಲ ತಿಳಿದೆವು, ಅವನೂ ಹಾಗೆಯೇ ತಿಳಿದಿದ್ದ.

ಮಾದೇವ ಎಂದು ಹೆಸರಿಟ್ಟರು. ಊರಿನವರು ಕೂಸಿನ ಮುಖ ನೋಡುವ ಮೊದಲು ಕಾಲು ನೋಡಿದರು. ಚಿಕ್ಕತಾಯಮ್ಮ ಅಂಗಾಲಿಗೆ ಹಣೆ ಹಚ್ಚಿದಳು. ಅವ್ವ ದಿನಾ ಆ ಪಾದಗಳಿಗೆ ಹರಳೆಣ್ಣೆ ತಿಕ್ಕಿ, ಬೆರಳುಗಳನ್ನು ಬಿಡಿಸಿ ಬಿಡಿಸಿ ನೀವುತ್ತಿದ್ದಳು. ಬೆರಳುಗಳು ಮತ್ತೆ ಮಡಚಿಕೊಳ್ಳುತ್ತಿದ್ದವು. ಕತ್ತು ನಿಲ್ಲುವ ಕಾಲಕ್ಕೆ ಅವನ ಕತ್ತು ನಿಲ್ಲಲಿಲ್ಲ. ಅಂಬೆಗಾಲಿಡುವ ಕಾಲಕ್ಕೆ ಮಗುಚಿಕೊಳ್ಳಲೂ ಇಲ್ಲ. ಕೆಲವರ ಮನೆ ಮಕ್ಕಳು ನಿಧಾನ ಎಂದರು ಊರಿನವರು. ಮೈಸೂರಿನ ಡಾಕ್ಟರು ಅವನ ಮೈಕೈ ಆಡಿಸಿ ನೋಡಿ, ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿದೆ ಎಂದು ಅಪ್ಪನಿಗೆ ಹೇಳಿದರು. ಅವ್ವ ಅದೆಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು.

“ನಡ್ದಾನಾ ಸ್ವಾಮಿ?”

ಡಾಕ್ಟರು ಅವಳನ್ನು ನೋಡದೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

ನನಗೆ ಅವ್ವನ ಮೇಲೆ ಸಿಟ್ಟಿದೆ, ಇವತ್ತಿಗೂ ಇದೆ. ಅವಳನ್ನು ಅರ್ಥ ಮಾಡಿಕೊಂಡ ಮೇಲೂ ಅದು ಹೋಗಲಿಲ್ಲ. ಮಂಡಿ ಮಡಿಸಿ ಕೊಡ ಎತ್ತು ಎಂದು ಹೇಳಿದವರನ್ನು ನಂಬದೆ, ಇನ್ನೂ ಹುಟ್ಟದ ಎರಡು ಕಾಲುಗಳನ್ನು ನಂಬಿದಳಲ್ಲ ಎಂದು ಸಿಟ್ಟು. ಹಾಗೆ ಯೋಚಿಸುವಾಗಲೇ ಇನ್ನೊಂದೂ ನೆನಪಾಗುತ್ತದೆ: ನರ್ಸಮ್ಮ ಹೇಳಿದ್ದನ್ನು ಅವಳು ಮಾಡಲು ಹೊರಟಾಗ ಅವಳಿಗೆ ಆ ಒಲೆ ದಕ್ಕಿದ್ದು ಎಷ್ಟು ದಿನ? ಮನೆಯಲ್ಲಿ ಏನನ್ನೂ ಬದಲಾಯಿಸಲು ಬಿಡದೆ ಹೋದಾಗ ಅವಳಿಗೆ ಉಳಿದದ್ದು ತನ್ನ ಹೊಟ್ಟೆಯೊಂದೇ. ಈಗ ಚಾಮರಾಜನಗರದ ಕಚೇರಿಯೊಂದರಲ್ಲಿ ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನನಗೂ ಬೆನ್ನು ನೋಯುತ್ತದೆ. ಯಾರಾದರೂ ‘ಎಲ್ಲ ಸರಿಹೋಗುತ್ತೆ’ ಎಂದರೆ ಎದ್ದು ಹೋಗುವ ಕೆಟ್ಟ ಚಾಳಿ ನನ್ನದು. ಅದು ನನಗೆ ಆ ಮನೆಯಲ್ಲಿ ಅಂಟಿದ್ದು.

ಮಾದೇವ ಬೆಳೆದ. ಕಾಲು ಕಡ್ಡಿಯಾಗಿಯೇ ಉಳಿದರೂ ಮೈ ಭಾರವಾಯಿತು. ಬಚ್ಚಲಿಗೆ, ಜಗಲಿಗೆ, ಬಿಸಿಲಿಗೆ, ನೆರಳಿಗೆ ಅವನನ್ನು ಎತ್ತಿಕೊಂಡೇ ಹೋಗಬೇಕು. ಅವ್ವ ಅವನನ್ನು ಕೊಡ ಇಡುತ್ತಿದ್ದ ಎಡಸೊಂಟದ ಮೇಲೆಯೇ ಇಟ್ಟುಕೊಂಡು ಒಂದು ಕಡೆಗೆ ವಾಲಿ ನಡೆಯುತ್ತಿದ್ದಳು. ನಾನು ಎತ್ತಿಕೊಳ್ಳಲು ಹೋದರೆ ‘ಬ್ಯಾಡ, ನಿನ್ ಸ್ವಂಟ ಎಳೇದು’ ಎಂದು ಬಿಡುತ್ತಿರಲಿಲ್ಲ. ಅಜ್ಜಿಗೆ ಏನನ್ನಿಸಿತೋ, ಒಂದು ದಿನ ತಾನಾಗಿಯೇ ಅಪ್ಪನನ್ನು ಕರೆದು, ಆ ಇಟ್ಟಿಗೆ ತಂದು ಮತ್ತೆ ಒಲೆ ಎತ್ತರ ಮಾಡಿಕೊಡು, ನಿಂತೇ ಬೇಯಿಸಲಿ ಎಂದಳು. ಅಪ್ಪ ಇಟ್ಟಿಗೆಗಳನ್ನು ತಂದ. ಅವ್ವ ಬೇಡವೆಂದಳು. ಮಾದೇವನನ್ನು ತೊಡೆಯ ಮೇಲೆ ಹಾಕಿಕೊಂಡು ಬೇಯಿಸಬೇಕಲ್ಲ, ನಿಂತರೆ ಅವನನ್ನು ಎಲ್ಲಿ ಇಡುವುದು? ಅಜ್ಜಿ ಅದಾದ ಮೇಲೆ ಅಡುಗೆಮನೆಯ ಕಡೆಗೆ ಬರುವುದನ್ನೇ ಕಡಿಮೆ ಮಾಡಿದಳು.

ಭಾನುವಾರದ ಜನ ಮಾತ್ರ ನಿಲ್ಲಲಿಲ್ಲ. ಅವ್ವನಿಗೆ ಒಂಟಿಕಾಲಲ್ಲಿ ನಿಲ್ಲಲು ಆಗುವುದಿಲ್ಲವೆಂದು ಗೊತ್ತಾದ ಮೇಲೆ ಅವರು ಮಾದೇವನ ಕಾಲನ್ನು ಕೇಳಿದರು. ತುಳಿಯದಿದ್ದರೆ ಬೇಡ, ತಾಗಿಸಿದರೆ ಸಾಕು ಎಂದರು. ಅವ್ವ ಅವನನ್ನು ಕಂಕುಳಲ್ಲಿ ಹಿಡಿದೆತ್ತಿ, ಮಲಗಿದವರ ಮೇಲೆ ಬಾಗಿ, ಆ ಸೊಟ್ಟ ಪಾದಗಳನ್ನು ಅವರ ಸೊಂಟದ ಮೇಲೆ ಎಳೆದಾಡಿಸುತ್ತಿದ್ದಳು. ಅವರು ಎದ್ದು ಸೊಂಟ ನೀವಿಕೊಂಡು, ಮಾತಿಲ್ಲದೆ ಹೋಗುತ್ತಿದ್ದರು. ಒಬ್ಬರನ್ನೂ ಅವಳು ಹಿಂದಕ್ಕೆ ಕಳಿಸಲಿಲ್ಲ. ನನಗೆ ಅವರ ಬೆನ್ನಿಗೆ ಬಾರಿಸಬೇಕು ಎನ್ನಿಸುತ್ತಿತ್ತು.

ಅಂಥ ಒಂದು ಭಾನುವಾರ, ಬಂದವರೆಲ್ಲ ಹೋದ ಮೇಲೆ, ಅವ್ವ ಮಾದೇವನನ್ನು ಅಪ್ಪನ ಕೈಗೆ ಕೊಟ್ಟಳು. ಸೆರಗನ್ನು ಸರಿಮಾಡಿಕೊಂಡು, ಕಂಬ ಹಿಡಿದು, ಮಂಡಿಯೂರಿ, ನಿಧಾನಕ್ಕೆ ಹೊಸಿಲ ಕಡೆ ತಲೆಯಿಟ್ಟು ಬೋರಲು ಮಲಗಿದಳು. ಅವಳ ಬೆನ್ನನ್ನು ನಾನು ಆ ಜಾಗದಲ್ಲಿ ನೋಡಿದ್ದು ಅದೇ ಮೊದಲು. ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಮಗನನ್ನು ಕಂಕುಳಲ್ಲಿ ಹಿಡಿದು ಎತ್ತಿ, ಅವಳ ಸೊಂಟದ ಮೇಲೆ ನಿಲ್ಲಿಸಲು ನೋಡಿದ. ಕಾಲುಗಳು ನಿಲ್ಲದೆ ಮಡಚಿಕೊಂಡವು. ಅಪ್ಪ ಮತ್ತೆ ಎತ್ತಿದ, ಮತ್ತೆ ಇಳಿಸಿದ. ಮಾದೇವನಿಗೆ ಅದು ಆಟವೆನ್ನಿಸಿ ಕೇಕೆ ಹಾಕಿದ.

“ತುಳಿ ಮಗ, ತುಳಿ” ಎಂದಳು ಅವ್ವ, ಮುಖವನ್ನು ನೆಲಕ್ಕೆ ಒತ್ತಿಕೊಂಡೇ.

ಅಪ್ಪ ಎತ್ತಿ ಇಳಿಸುತ್ತಲೇ ಇದ್ದ. ಅವನ ಏದುಸಿರು ಪಡಸಾಲೆಯ ತುಂಬ ಕೇಳುತ್ತಿತ್ತು. ನಿಲ್ಲಿಸು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದವಳು ಅವ್ವನೇ.

“ಸಾಕು ಬುಡಿ. ಅಂಗ ಬಗ್ಗಿ ಬಗ್ಗಿ ಎತ್ತುದ್ರ ನಿಮ್ ಸ್ವಂಟವೂ ಬಿದ್ದೋದದು.”

ಕೈಯೂರಿ, ಕಂಬ ಹಿಡಿದು, ಅವಳು ಎದ್ದಳು. ಅಪ್ಪನ ತೋಳಿನಿಂದ ಮಾದೇವನನ್ನು ಇಸಿದುಕೊಂಡು ಎಡಸೊಂಟದ ಮೇಲೆ ಕೂರಿಸಿಕೊಂಡಳು. ಆ ಗಿಡ್ಡ ಬಾಗಿಲಲ್ಲಿ ತನ್ನ ತಲೆಯ ಜೊತೆ ಅವನ ತಲೆಯನ್ನೂ ತಗ್ಗಿಸಿ, ಹಿಟ್ಟು ತೊಳಸಲು ಒಳಗೆ ಹೋದಳು.